ಅಮೆರಿಕದ ಲೆಂಡಿಂಗ್‌ಕ್ಲಬ್ ಮೇಲೆ ಕೇಸ್ ಬಿದ್ದದ್ದು ಯಾಕೆ?

ಲೆಂಡಿಂಗ್‌ಕ್ಲಬ್ ಅಂದರೆ ಬ್ಯಾಂಕ್ ಬದಲು ಜನರೇ ಜನರಿಗೆ ಆನ್‌ಲೈನ್‌ನಲ್ಲಿ ಸಾಲ ಕೊಡುವ ವೇದಿಕೆಯಾಗಿ ಬೆಳೆದ ಕಂಪನಿ. ಮುಖ್ಯ ಕೇಸ್ ಹಾಕಿದ್ದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, 2018ರ ಏಪ್ರಿಲ್‌ನಲ್ಲಿ.

ದೂರು ಇಷ್ಟು: 'ಗುಪ್ತ ಶುಲ್ಕ ಇಲ್ಲ' ಅಂತ ಜಾಹೀರಾತು ಕೊಟ್ಟು, ಸಾಲದ ಹಣದಲ್ಲೇ ಶುಲ್ಕ ಮುರಿದುಕೊಳ್ಳುತ್ತಿದ್ದರು. ಶುಲ್ಕ ಶೇ. 5 ಅಂದುಕೊಳ್ಳಿ. 10,000 ಡಾಲರ್ ಸಾಲ ಕೇಳಿದವರ ಖಾತೆಗೆ ಬರುವುದು 9,500 ಮಾತ್ರ. ತೀರಿಸಬೇಕಾದದ್ದು ಪೂರ್ತಿ 10,000, ಬಡ್ಡಿಯೂ ಅಷ್ಟಕ್ಕೇ! ಶುಲ್ಕದ ವಿಷಯವನ್ನು ಅರ್ಜಿ ಪುಟದ ಒಂದು ಸಣ್ಣ ಗುರುತಿನ ಹಿಂದೆ ಅಡಗಿಸಿದ್ದರು. ಅದನ್ನು ಒತ್ತದಿದ್ದರೆ ಕಾಣುತ್ತಲೇ ಇರಲಿಲ್ಲ ಎಂಬುದು ಆರೋಪ. ಕೈಸಾಲಕ್ಕೆ ಬಂದವರು ಅವಸರದಲ್ಲಿರುತ್ತಾರೆ, ಅಲ್ವಾ? ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಸಾಲ ತೀರಿಸಿದವರ ಖಾತೆಯಿಂದಲೂ ಕಂತು ಎಳೆದರು ಎಂಬ ಆರೋಪವೂ ಇತ್ತು.

2021ರಲ್ಲಿ ಕಂಪನಿ 1.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಇದಕ್ಕೂ ಮೊದಲು, 2016ರ ಮೇನಲ್ಲಿ, ಸ್ಥಾಪಕ ರೆನೋ ಲಾಪ್ಲಾಂಶ್ ಸಿಇಒ ಹುದ್ದೆ ಬಿಟ್ಟಿದ್ದರು. ಒಬ್ಬ ದೊಡ್ಡ ಹೂಡಿಕೆದಾರರ ಷರತ್ತಿಗೆ ಹೊಂದದ 2.2 ಕೋಟಿ ಡಾಲರ್ ಸಾಲಗಳನ್ನು ಅವರಿಗೇ ಮಾರಿದ್ದು ಬಯಲಾಗಿತ್ತು. ಅದರಲ್ಲಿ ಕೆಲವು ಸಾಲದ ಅರ್ಜಿಗಳ ತಾರೀಕನ್ನೇ ತಿದ್ದಲಾಗಿತ್ತು. 2020ರ ಕೊನೆಗೆ ಸಾಮಾನ್ಯ ಜನರಿಂದ ಹಣ ಪಡೆಯುವ ಆ ವ್ಯವಸ್ಥೆಯನ್ನು ಕಂಪನಿಯೇ ನಿಲ್ಲಿಸಿತು.