ಲೂಪಸ್ ಎಂದರೆ ರೋಗನಿರೋಧಕ ಶಕ್ತಿ ಕುಂದುವುದೇ?

ತಂಗಿಗೆ ಲೂಪಸ್ ಎಂದು ತಿಳಿದ ಮೇಲೆ ಮನೆಯವರು "ನಿನಗೆ ಶಕ್ತಿ ಸಾಲದು, ಅಮೃತಬಳ್ಳಿ ಕಷಾಯ ಕುಡಿ" ಎನ್ನುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ವೈದ್ಯರನ್ನು ಕೇಳದೆ ದಯವಿಟ್ಟು ಕೊಡಬೇಡಿ. ಹನ್ನೊಂದು ವರ್ಷದಿಂದ ನನಗೂ ಇದೇ ಕಾಯಿಲೆ.

ಲೂಪಸ್‌ನಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನ ಮೈಯನ್ನೇ ಗುರುತಿಸಲಾರದೆ ಅದರ ಮೇಲೆ ಬೀಳುತ್ತದೆ. ನಮ್ಮ ದೇಹದಲ್ಲಿ ದಿನವೂ ಲೆಕ್ಕವಿಲ್ಲದಷ್ಟು ಜೀವಕೋಶಗಳು ಸಾಯುತ್ತವೆ, ಆ ಕಸವನ್ನು ದೇಹವೇ ಗುಡಿಸಿಹಾಕುತ್ತದೆ. ಲೂಪಸ್ ಇದ್ದವರಲ್ಲಿ ಈ ಗುಡಿಸುವ ಕೆಲಸ ಹಿಂದೆ ಬೀಳುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಡಿಎನ್‌ಎಯನ್ನು ಕಂಡು, ವೈರಸ್ ನುಗ್ಗಿತೇನೋ ಎಂಬಂತೆ ದೇಹ ಪ್ರತಿಕಾಯಗಳನ್ನು, ಅಂದರೆ ಶತ್ರುವಿಗೆ ಅಂಟಿಕೊಂಡು ಎದುರಿಸುವ ಪ್ರೋಟೀನ್‌ಗಳನ್ನು, ತಯಾರಿಸುತ್ತದೆ. ಡಿಎನ್‌ಎ ಮತ್ತು ಪ್ರತಿಕಾಯ ಅಂಟಿಕೊಂಡ ಗಂಟುಗಳು ಮೂತ್ರಪಿಂಡದ ಜರಡಿಯಲ್ಲಿ, ಚರ್ಮದಲ್ಲಿ ಸಿಕ್ಕಿಕೊಂಡು ಉರಿಯೂತ ತರುತ್ತವೆ. ಬಿಸಿಲು ಚರ್ಮದ ಕೋಶಗಳನ್ನು ಸಾಯಿಸುವುದರಿಂದ ನಮಗೆ ಬಿಸಿಲು ಆಗದು. ಒಮ್ಮೆ ಮಧ್ಯಾಹ್ನದ ಬಿಸಿಲಲ್ಲಿ ತೇರು ನೋಡುತ್ತ ನಿಂತಿದ್ದೆ. ಮರುದಿನ ಕೆನ್ನೆಗಳೆರಡೂ ಕೆಂಪಾಗಿ, ಜಡೆ ಹೆಣೆದುಕೊಳ್ಳಲು ಬೆರಳು ಮಡಚಲಾಗಲಿಲ್ಲ.

ಹಾಗಾಗಿ ಔಷಧಿಯ ಕೆಲಸ ಈ ವ್ಯವಸ್ಥೆಯನ್ನು ತಣ್ಣಗಾಗಿಸುವುದು, ಶಕ್ತಿ ಹೆಚ್ಚಿಸಲೆಂದು ಕುಡಿಯುವ ಕಷಾಯ ಅದನ್ನು ಇನ್ನಷ್ಟು ಕೆರಳಿಸಬಹುದು. ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಹುತೇಕ ಎಲ್ಲ ಲೂಪಸ್ ರೋಗಿಗಳಿಗೂ ಬೇಕು. ಅದನ್ನು ವರ್ಷಗಟ್ಟಲೆ ನುಂಗುವುದರಿಂದ ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಸ್ಟೀರಾಯ್ಡ್ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ.

ಎರಡನೆಯ ವರ್ಷ ನೋವೇ ಇಲ್ಲವಲ್ಲ ಎಂದು ನಾನು ಮಾತ್ರೆ ಬಿಟ್ಟೆ. ಕೆಲವು ತಿಂಗಳಲ್ಲಿ ಸಂಜೆಯಾದರೆ ಕಾಲುಂಗುರ ಬಿಗಿಯತೊಡಗಿತು, ಮೂತ್ರದಲ್ಲಿ ನೊರೆ ನಿಲ್ಲತೊಡಗಿತು. ಬಯಾಪ್ಸಿ ಮಾಡಿದಾಗ, ಅಂದರೆ ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸಿದಾಗ, ಅದಕ್ಕೆ ಲೂಪಸ್ ತಗುಲಿದ್ದು ತಿಳಿಯಿತು. ಆಗಲೂ ಎಲ್ಲಿಯೂ ನೋವಿರಲಿಲ್ಲ! ಇದನ್ನು ನಿಮ್ಮ ತಂಗಿಗೆ ಓದಿ ಹೇಳಿ.

ರಕ್ತಪರೀಕ್ಷೆಯಲ್ಲಿ ಎಎನ್‌ಎ (ನಮ್ಮದೇ ಕೋಶಗಳ ಕೇಂದ್ರದ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಲೂಪಸ್ ಎನ್ನಲಾಗದು, ಆರೋಗ್ಯವಂತರಲ್ಲೂ ಅದು ಬರುತ್ತದೆ. ಲಕ್ಷಣಗಳನ್ನೂ ಇತರ ಪರೀಕ್ಷೆಗಳನ್ನೂ ಸೇರಿಸಿ ನೋಡುತ್ತಾರೆ. ಇದು ಅಂಟುರೋಗವಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೇ, ಅದೂ ಹೆಚ್ಚಾಗಿ ಮಕ್ಕಳನ್ನು ಹೆರುವ ವಯಸ್ಸಿನವರು. ಅದಕ್ಕೇ "ಮದುವೆಗೆ ಮೊದಲು ಯಾರಿಗೂ ಹೇಳಬೇಡ" ಎಂಬ ಮಾತು ಬರುತ್ತದೆ, ಅದು ನನಗೆ ತುಂಬ ನೋವು ಕೊಟ್ಟ ಮಾತು. ಕಾಯಿಲೆ ಆರು ತಿಂಗಳಾದರೂ ಹತೋಟಿಯಲ್ಲಿದ್ದು, ವೈದ್ಯರೊಡನೆ ಯೋಚಿಸಿ ಮುಂದುವರಿದರೆ ಬಹಳ ಮಂದಿಗೆ ಹೆರಿಗೆ ಚೆನ್ನಾಗಿಯೇ ಆಗುತ್ತದೆ. ನನ್ನ ಮಗಳು ಈಗ ಒಂದನೆಯ ತರಗತಿ.

ಮೂತ್ರಪಿಂಡದ ಜರಡಿ ಕೆಟ್ಟರೆ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ನನಗೆ ನೊರೆ ಬಂದದ್ದೂ ಅದರಿಂದಲೇ. ಮುಂದಿನ ಸಲ ರುಮಟಾಲಜಿಸ್ಟ್ (ಲೂಪಸ್, ಸಂಧಿವಾತದಂಥ ಕಾಯಿಲೆಗಳ ತಜ್ಞರು) ಬಳಿ ಹೋದಾಗ "ಮೂತ್ರದಲ್ಲಿ ಪ್ರೋಟೀನ್ ಎಷ್ಟಿದೆ?" ಎಂದು ಕೇಳಿ, ಆ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ.