ಫೋರ್ಡ್ ಟಿ ಆಂಬುಲೆನ್ಸ್ ಮಾದರಿ: ಕಿನ್ನಾಳದ ತಮ್ಮನಿಗೆ ಉತ್ತರ

ತಮ್ಮಾ, ಮೊದಲನೇ ಮಹಾಯುದ್ಧದಾಗ ಫ್ರಾನ್ಸಿಗೆ ಹೋಗಿ ಆಂಬುಲೆನ್ಸ್ ಓಡಿಸಿದ ಅಮೆರಿಕದ ಸ್ವಯಂಸೇವಕರ ಗಾಡಿಯನ್ನ ಕಟ್ಟಿಗೆಯಲ್ಲಿ ಮಾಡ್ತಿದೀನಿ, ಅಳತೆ, ಬಣ್ಣ, ಒಳಗಿನ ಜೋಡಣೆ ಹೇಳ್ರಿ ಅಂತ ಕೇಳಿದಿ. ಅದನ್ನ ಹೆಂಗ ಓಡಿಸ್ತಿದ್ರು ಅಂತಲೂ ಕೇಳಿದಿ. ನೀ ಹಾಕಿದ ಫೋಟೊ ನೋಡಿದೆ, ಕೆಲಸ ಚೊಕ್ಕ ಐತಿ. ಆದರ ಸ್ಟೀರಿಂಗ್ ಬಲಗಡೆ ಕೂಡಿಸಿದಿ. ಆ ಗಾಡಿ ಅಮೆರಿಕದ ಫೋರ್ಡ್ ಮಾಡೆಲ್ ಟಿ, ಅದಕ್ಕ ಸ್ಟೀರಿಂಗ್ ಎಡಗಡೆ. ಗೋಂದು ಒಣಗೋದರೊಳಗ ಬದಲಿಸು.

ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅಸಲು ಗಾಡಿಯಲ್ಲಿ 100 ಇಂಚು, ಎಡಬಲ ಗಾಲಿಗಳ ನಡುವೆ 56 ಇಂಚು. ಹತ್ತಕ್ಕೊಂದು ಲೆಕ್ಕ ಹಿಡಿದರೆ ನಿನಗೆ 10 ಇಂಚು ಮತ್ತು 5.6 ಇಂಚು. ಟೈರು ಸೇರಿ ಗಾಲಿಯ ಎತ್ತರ 30 ಇಂಚು, ಅಂದರೆ ನಿನ್ನದು 3. ಗಾಲಿಗೆ ಕಟ್ಟಿಗೆಯ ಕಡ್ಡಿ 12. ಹಿಂದಿನ ಟೈರು ಮುಂದಿನದಕ್ಕಿಂತ ತುಸು ದಪ್ಪ ಇರಲಿ. ರೇಡಿಯೇಟರ್‌ಗೆ ಬಣ್ಣ ಹಚ್ಚೋ ಮುಂಚೆ ಯಾವ ವರ್ಷದ ಗಾಡಿ ಅಂತ ಗಟ್ಟಿ ಮಾಡಿಕೊ: 1915-16ರದಾದರೆ ಹಿತ್ತಾಳೆ ಹೊಳಪು, 1917ರ ಮಾದರಿಯಾದರೆ ಕಪ್ಪು.

ಹಿಂದಿನ ಡಬ್ಬಿ ಹಲಗೆಯದು. ಹಲಗೆಗಳ ಕೂಡುಗೆರೆ ಹೊರಗ ಕಾಣಬೇಕು. ಅದಕ್ಕ ನೀವು ಗೊಂಬೆಗೆ ಮೆತ್ತೋ ಕಿಟ್ಟವನ್ನ (ಹುಣಸೆಬೀಜ, ಕಟ್ಟಿಗೆಪುಡಿಯ ಅಂಟು) ಒಳಗಿನ ಮೂಲೆಗಳಿಗೆ ಅಷ್ಟೇ ಬಳಸು, ಹೊರಮೈಗೆ ಬೇಡ. ಹಿಂದೆ ಕ್ಯಾನ್ವಾಸ್ ಪರದೆ ಬರಬೇಕು, ಹಳೇ ಧೋತರದ ತುಂಡು ಸಾಕು. ಬಣ್ಣ ಬೂದಿ, ಎರಡೂ ಮಗ್ಗಲಿಗೆ ಬಿಳಿಯ ಮೇಲೆ ಕೆಂಪು ಕ್ರಾಸ್. ಕಿನ್ನಾಳದ ಗೊಂಬೆಯ ಮೆರುಗು ನನಗ ಬಾಳ ಇಷ್ಟ, ಆದರ ಈ ಗಾಡಿಗೆ ಅದು ಒಗ್ಗೋದಿಲ್ಲ. ಒಳಗ ಮೂರು ಸ್ಟ್ರೆಚರ್: ಎರಡು ನೆಲಕ್ಕ, ಒಂದು ಮೇಲೆ ತೂಗು. ಮಲಗೋ ಸ್ಥಿತಿಯವರು ಇಲ್ಲದಿದ್ದರೆ ನಾಲ್ಕೈದು ಮಂದಿಯನ್ನ ಕೂಡಿಸ್ತಿದ್ರು.

ಇನ್ನ ಓಡಿಸೋ ವಿಷಯ. ಕೆಳಗ ಮೂರು ಪೆಡಲ್, ಆದರ ನಮ್ಮ ಜೀಪಿನ ಹಂಗಲ್ಲ. ಎಡಗಡೆಯದನ್ನ ಪೂರ್ತಿ ಒತ್ತಿದರೆ ಲೋ ಗೇರ್, ಪೂರ್ತಿ ಬಿಟ್ಟರೆ ಹೈ ಗೇರ್, ನಡುವೆ ಹಿಡಿದರೆ ನ್ಯೂಟ್ರಲ್. ನಡುವಿನದು ರಿವರ್ಸ್, ಬಲದ್ದು ಬ್ರೇಕು. ಎಕ್ಸಲೇಟರ್ ಕಾಲಿಗಿಲ್ಲ, ಸ್ಟೀರಿಂಗ್ ಕೆಳಗ ಬಲಗಡೆ ಒಂದು ಕೈಕಡ್ಡಿ. ಎಡಗಡೆಯ ಕಡ್ಡಿ ಸ್ಪಾರ್ಕಿಗೆ, ಅಂದರೆ ಎಂಜಿನ್ನಿನೊಳಗ ಪೆಟ್ರೋಲ್ ಹೊತ್ತಿಸೋ ಕಿಡಿ ಬೇಗ ಹಾರಬೇಕೋ ತಡವಾಗಿ ಹಾರಬೇಕೋ ಅನ್ನೋದಕ್ಕ. ಹ್ಯಾಂಡಲ್ ತಿರುವಿ ಚಾಲೂ ಮಾಡೋ ಮುಂಚೆ ಆ ಸ್ಪಾರ್ಕನ್ನ ತಡ ಮಾಡದಿದ್ದರೆ ಹ್ಯಾಂಡಲ್ ವಾಪಸ್ ಒದ್ದು ಮಣಿಕಟ್ಟು ಮುರೀತಿತ್ತು. ಪೆಟ್ರೋಲ್ ಟಾಕಿ ಸೀಟಿನ ಕೆಳಗ, ಪಂಪಿಲ್ಲ, ಎಣ್ಣೆ ತಾನಾಗೇ ಇಳಿದು ಎಂಜಿನ್ನಿಗೆ ಹೋಗಬೇಕು. ಕಡಿದಾದ ಏರಿನಲ್ಲಿ ಎಂಜಿನ್ ಮೇಲಕ್ಕಾಗಿ ಎಣ್ಣೆ ಹರಿಯೋದು ನಿಂತು ಹೋಗೋದು. ಆಗ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಏರಿಸ್ತಿದ್ರು! ಬರೇ 20 ಕುದುರೆ ಶಕ್ತಿಯ ಎಂಜಿನ್ ಅದು. ಆದರೂ 1915ರಲ್ಲಿ ಫ್ರಾನ್ಸಿನ ವೋಜ್ ಬೆಟ್ಟದಾಗ ಹೇಸರಗತ್ತೆ ಮೇಲೆ ಗಾಯಾಳುಗಳನ್ನ ಇಳಿಸ್ತಿದ್ದ ದಾರಿಗಳಲ್ಲಿ ಈ ಗಾಡಿಗಳೇ ಹತ್ತಿ ಇಳಿದವು.

ನಾನು ತೋರಣಗಲ್ಲು–ಸಂಡೂರು ದಾರಿಯಲ್ಲಿ ಆಂಬುಲೆನ್ಸ್ ಓಡಿಸಿದವನು. ಅದಿರಿನ ಟಿಪ್ಪರ್ ಹೋಗಿ ಹೋಗಿ ರೋಡು ಕಿತ್ತ ಕಡೆ, ತೊಡೆ ಎಲುಬು ಮುರಿದವರು ಹಿಂದೆ ಮಲಗಿದ್ದಾಗ ಒಂದೊಂದು ಗುಂಡಿಗೂ ಅವರ ಉಸಿರು ಸಿಕ್ಕೋದು ಡ್ರೈವರ್ ಸೀಟಿಗೆ ಕೇಳತೈತಿ. ನನಗ ಹೆಡ್‌ಲೈಟ್ ಇತ್ತು, ಒಳ್ಳೆ ಸಸ್ಪೆನ್ಷನ್ ಇತ್ತು. ಆ ಅಮೆರಿಕದ ಹುಡುಗರು ಮುಂಚೂಣಿ ಹತ್ತಿರ ದೀಪ ಹಚ್ಚೋ ಹಂಗಿರಲಿಲ್ಲ, ಹಚ್ಚಿದರೆ ತೋಪಿಗೆ ಗುರಿ. 1916ರಲ್ಲಿ ಫ್ರಾನ್ಸಿನ ವರ್ದುನ್ ಕದನದಾಗ ಗುಂಡು ಬಿದ್ದು ಹೊಂಡ ಆದ ರಸ್ತೆಯಲ್ಲಿ, ಎದುರಿಗೆ ಲಾರಿಗಳ ಸಾಲು, ಕತ್ತಲಾಗ ಹೋಗಬೇಕು. ಜೋರಾಗಿ ಓಡಿಸೋದು ಯಾರಿಗಾದರೂ ಬರತೈತಿ. ಹಿಂದಿನವರಿಗೆ ನೋವಾಗದಂಗ ಮೆಲ್ಲಗ ತರೋದೇ ಇಲ್ಲಿ ಡ್ರೈವರಿಕೆ. ಅವರ ಬಗ್ಗೆ ನನಗ ಗೌರವ ಹುಟ್ಟಿದ್ದು ಇದಕ್ಕ.

ಅವರು ಯಾರು ಅಂದರ, ಬಹಳಷ್ಟು ಮಂದಿ ಕಾಲೇಜು ಹುಡುಗರು. ಹಡಗಿನ ಖರ್ಚು, ಬಟ್ಟೆ ಎಲ್ಲಾ ಸ್ವಂತದ್ದು. ಈ ಸ್ವಯಂಸೇವಕರ ಪಡೆಯಾದ ಅಮೆರಿಕನ್ ಫೀಲ್ಡ್ ಸರ್ವಿಸ್ ಕಟ್ಟಿದ ಪಿಯಾಟ್ ಆಂಡ್ರ್ಯೂ ಅಮೆರಿಕ ಸರ್ಕಾರದ ಖಜಾನೆ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಮೊದಲಿಗೆ ತಾವೂ ಆಂಬುಲೆನ್ಸ್ ಓಡಿಸಿದರು. ರಿಚರ್ಡ್ ಹಾಲ್ ಅನ್ನೋ ಹುಡುಗ 1915ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಬೆಟ್ಟದ ದಾರಿಯಲ್ಲಿ ಗಾಡಿ ಮೇಲೆ ಶೆಲ್ ಬಿದ್ದು ಸತ್ತ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಈ ಪಡೆಯನ್ನ ಸೈನ್ಯ ತನ್ನೊಳಗ ಸೇರಿಸಿಕೊಂತು. ಅದೇ ಸಂಸ್ಥೆಯವರು ಎರಡನೇ ಯುದ್ಧದಾಗ ನಮ್ಮ ಇಂಫಾಲ, ಬರ್ಮಾ ಕಡೆಯೂ ಗಾಯಾಳು ಹೊತ್ತರು.

ಕೆಳಗ ಕಮೆಂಟಿನಾಗ ಒಬ್ಬರು "ಹೊರದೇಶದ ಯುದ್ಧಕ್ಕ ಹಿಂಗ ನಮ್ಮವರೂ ಹೋಗಿದ್ರಾ" ಅಂತ ಕೇಳಿದಾರ. ಹೋಗಿದ್ರು. 1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಾಗ ಗಾಂಧೀಜಿ ಸುಮಾರು 1,100 ಭಾರತೀಯರ ಪಡೆ ಕಟ್ಟಿ ಗಾಯಾಳುಗಳ ಡೋಲಿ ಹೊತ್ತರು. ಅವರಲ್ಲಿ ಬಹುಪಾಲು ಕರಾರಿನ ಕೂಲಿಗಳು. ಮೋಟಾರು ಇಲ್ಲ, ಹೆಗಲೇ ಗಾಡಿ. 1938ರಲ್ಲಿ ಯುದ್ಧದಾಗಿದ್ದ ಚೀನಾಕ್ಕ ಗಾಯಾಳುಗಳ ಚಿಕಿತ್ಸೆಗೆ ಹೋದ ಐವರು ಭಾರತೀಯ ಡಾಕ್ಟರರಲ್ಲಿ ನಮ್ಮ ಪಕ್ಕದ ಸೊಲ್ಲಾಪುರದ ಕೋಟ್ನಿಸ್ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು.

ತಮ್ಮಾ, ಡ್ರೈವರ್ ಗೊಂಬೆ ಕೂಡಿಸೋದಾದರೆ ಎಡಗಾಲು ಪೆಡಲ್ ಮೇಲೆ ಒತ್ತಿರಲಿ, ಬಲಗೈ ಸ್ಟೀರಿಂಗ್ ಕೆಳಗಿನ ಕಡ್ಡಿಗೆ ತಾಗಿರಲಿ. ಅವನ ಮಗ್ಗಲಿಗೆ ಬಾಗಿಲು ಬೇಡ. ಸ್ಟ್ರೆಚರ್ ಹೊರಗ ಎಳೆಯಂಗ ಮಾಡಿದರೆ ಮಕ್ಕಳಿಗೆ ಬೇಗ ಗೊತ್ತಾಗತೈತಿ. ಗಾಲಿ ಕಡ್ಡಿ ಜೋಡಿಸೋ ಮುಂಚೆ ಇನ್ನೊಂದು ಫೋಟೊ ಹಾಕು.