ಸೆಮಿಕೋಲನ್ ತೆಗೆದರೂ ಡೇಟಾಬೇಸ್ ಫಂಕ್ಷನ್ ಸಿಗದಿದ್ದಾಗ

ಪ್ರಶ್ನೆ: ಅಪಾಚೆ ಸರ್ವರ್ ಮತ್ತು ಪಿಎಚ್‌ಪಿ ಅಳವಡಿಸಿಕೊಂಡು ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಬಳಸುವ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಬ್ರೌಸರಿನಲ್ಲಿ ತೆರೆದರೆ ‘ಮೈಎಸ್‌ಕ್ಯೂಎಲ್‌ಐ_ಕನೆಕ್ಟ್’ ಎಂಬ ಫಂಕ್ಷನ್ನೇ ಇಲ್ಲವೆಂಬ ದೋಷಸಂದೇಶ ಬರುತ್ತದೆ. ಪಿಎಚ್‌ಪಿ.ಐಎನ್‌ಐ ಕಡತದಲ್ಲಿ ‘ಎಕ್ಸ್‌ಟೆನ್ಷನ್=ಮೈಎಸ್‌ಕ್ಯೂಎಲ್‌ಐ’ ಎಂಬ ಸಾಲಿನ ಮೊದಲಿಗಿದ್ದ, ಸಾಲನ್ನು ನಿಷ್ಕ್ರಿಯವಾಗಿಡುವ ಸೆಮಿಕೋಲನ್ ಅಳಿಸಿ, ಕಡತವನ್ನು ಉಳಿಸಿ, ಸರ್ವರನ್ನು ಮತ್ತೆ ಆರಂಭಿಸಿದ್ದೇನೆ. ಆದರೂ ಅದೇ ಸಂದೇಶ. ಅದೇ ಪ್ರೋಗ್ರಾಮನ್ನು ಕಮಾಂಡ್ ಲೈನಿನಿಂದ ನಡೆಸಿದರೆ ಮಾತ್ರ ಸರಿಯಾಗಿ ನಡೆಯುತ್ತದೆ. ಕಾರಣವೇನು?

ಉತ್ತರ: ಕಾರಣದ ಸುಳಿವು ನಿಮ್ಮ ಕೊನೆಯ ಮಾತಿನಲ್ಲೇ ಇದೆ. ಕಮಾಂಡ್ ಲೈನಿನಲ್ಲಿ ನಡೆಯುವ ಪಿಎಚ್‌ಪಿ ನೀವು ತಿದ್ದಿದ ಕಡತವನ್ನು ಓದುತ್ತಿದೆ. ಅಪಾಚೆಯೊಳಗೆ ನಡೆಯುವ ಪಿಎಚ್‌ಪಿ ಬೇರೊಂದು ಕಡತವನ್ನು ಓದುತ್ತಿದೆ, ಇಲ್ಲವೇ ಯಾವುದನ್ನೂ ಓದುತ್ತಿಲ್ಲ. ಒಂದೇ ಯಂತ್ರದಲ್ಲಿ ಇವೆರಡೂ ಪ್ರತ್ಯೇಕವಾಗಿ ಆರಂಭಗೊಳ್ಳುತ್ತವೆ ಮತ್ತು ತಮ್ಮ ತಮ್ಮ ಕಡತವನ್ನು ತಾವೇ ಹುಡುಕಿಕೊಳ್ಳುತ್ತವೆ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಇದನ್ನು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಿದ್ದಾರೆ: ಪಿಎಚ್‌ಪಿಯ ಸಂರಚನೆಯ ಫೋಲ್ಡರಿನಲ್ಲಿ ಪ್ರತಿ ಆವೃತ್ತಿಗೂ ಒಂದು ಉಪಫೋಲ್ಡರ್ ಇದ್ದು, ಅದರೊಳಗೆ ಕಮಾಂಡ್ ಲೈನಿಗೆ, ಅಪಾಚೆಗೆ ಮತ್ತು ಎಫ್‌ಪಿಎಂಗೆ (ವೆಬ್ ಸರ್ವರಿನಿಂದ ಪ್ರತ್ಯೇಕವಾಗಿ ಪಿಎಚ್‌ಪಿಯನ್ನು ನಡೆಸುವ ಸೇವೆ) ಬೇರೆ ಬೇರೆ ಪಿಎಚ್‌ಪಿ.ಐಎನ್‌ಐ ಕಡತಗಳಿರುತ್ತವೆ.

ಆದ್ದರಿಂದ ಇನ್ನೊಂದು ಅಕ್ಷರವನ್ನೂ ತಿದ್ದುವ ಮೊದಲು, ಓದಲ್ಪಡುತ್ತಿರುವ ಕಡತ ಯಾವುದೆಂದು ಸರ್ವರಿನಿಂದಲೇ ತಿಳಿದುಕೊಳ್ಳಿ. ‘ಪಿಎಚ್‌ಪಿಇನ್ಫೋ’ ಫಂಕ್ಷನನ್ನು ಕರೆಯುವ ಒಂದೇ ಸಾಲಿನ ಪುಟವನ್ನು ಬರೆದು ಬ್ರೌಸರಿನಲ್ಲಿ ತೆರೆಯಿರಿ. ಅದರ ಆರಂಭದ ಕೋಷ್ಟಕದಲ್ಲಿ ಹೋಲುವಂಥ ಹೆಸರಿನ ಎರಡು ಸಾಲುಗಳಿವೆ, ಹಲವರು ಎಡವುವುದು ಇಲ್ಲಿಯೇ. ‘ಕಾನ್ಫಿಗರೇಷನ್ ಫೈಲ್ ಪಾತ್’ ಎಂಬುದು ಕಡತವನ್ನು ಹುಡುಕುವ ಒಂದು ಜಾಗವನ್ನಷ್ಟೇ ಹೇಳುತ್ತದೆ. ‘ಲೋಡೆಡ್ ಕಾನ್ಫಿಗರೇಷನ್ ಫೈಲ್’ ಎಂಬುದು ನಿಜವಾಗಿ ಓದಿದ ಕಡತವನ್ನು ಹೇಳುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಅಲ್ಲಿ ‘ನನ್’ ಎಂದಿದ್ದರೆ ಸರ್ವರಿಗೆ ಯಾವ ಕಡತವೂ ಸಿಕ್ಕಿಲ್ಲ ಎಂದರ್ಥ. ವಿಂಡೋಸ್‌ನಲ್ಲಿ ಅಪಾಚೆಯ ಸಂರಚನಾ ಕಡತದೊಳಗೆ ‘ಪಿಎಚ್‌ಪಿಐಎನ್‌ಐಡಿರ್’ ಎಂಬ ಸೂಚನೆಯನ್ನು ಬರೆದು ಸರಿಯಾದ ಫೋಲ್ಡರನ್ನು ತೋರಿಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದಾಗ ಕಡತದ ಹೆಸರಿಗೆ ‘ಟಿಎಕ್ಸ್‌ಟಿ’ ಎಂಬ ಬಾಲ ಸೇರಿ, ವಿಂಡೋಸ್ ಅದನ್ನು ಮರೆಮಾಡಿದ್ದರೂ ಇದೇ ಫಲಿತಾಂಶ ಕಾಣಿಸುತ್ತದೆ. ನೋಡಿಯಾದ ಕೂಡಲೇ ಆ ಪುಟವನ್ನು ಅಳಿಸಿಬಿಡಿ. ಸರ್ವರಿನ ಒಳವಿವರಗಳೆಲ್ಲ ಅದರಲ್ಲಿ ಬಯಲಾಗಿರುತ್ತವೆ.

ಸರಿಯಾದ ಕಡತವನ್ನು ತಿದ್ದಿದ ಮೇಲೂ ಫಂಕ್ಷನ್ ಸಿಗದಿದ್ದರೆ, ಆ ಸಾಲು ಹೆಸರಿಸುವ ಲೈಬ್ರರಿಯೇ ಯಂತ್ರದಲ್ಲಿ ಇದೆಯೇ ಎಂದು ನೋಡಬೇಕು. ಸಂರಚನೆಯ ಸಾಲು ಈಗಾಗಲೇ ಇರುವ ಲೈಬ್ರರಿಯನ್ನು ಕರೆತರಬಲ್ಲದೇ ಹೊರತು ಇಲ್ಲದ್ದನ್ನು ಸೃಷ್ಟಿಸಲಾರದು. ಲಿನಕ್ಸಿನಲ್ಲಿ ಪಿಎಚ್‌ಪಿಯ ಮೈಎಸ್‌ಕ್ಯೂಎಲ್ ಪ್ಯಾಕೇಜನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಅಳವಡಿಸಬೇಕು. ಆ ಪ್ಯಾಕೇಜು ತಾನೇ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ಸಣ್ಣ ಕಡತವೊಂದನ್ನು ಇರಿಸಿ ಎಕ್ಸ್‌ಟೆನ್ಷನನ್ನು ಸಕ್ರಿಯಗೊಳಿಸುವುದರಿಂದ, ನೀವು ಮುಖ್ಯ ಕಡತದಲ್ಲೂ ಅದೇ ಸಾಲನ್ನು ಬರೆದರೆ ಮಾಡ್ಯೂಲು ಈಗಾಗಲೇ ಲೋಡ್ ಆಗಿದೆಯೆಂಬ ಎಚ್ಚರಿಕೆ ಬರುತ್ತದೆ. ವಿಂಡೋಸ್‌ನಲ್ಲಿ ಲೈಬ್ರರಿಗಳು ಪಿಎಚ್‌ಪಿಯ ಜೊತೆಗೇ ಬರುತ್ತವೆಯಾದರೂ, ‘ಎಕ್ಸ್‌ಟೆನ್ಷನ್_ಡಿರ್’ ಎಂಬ ಸಾಲಿನ ಸೆಮಿಕೋಲನನ್ನೂ ತೆಗೆದು ಅವು ಇರುವ ಫೋಲ್ಡರನ್ನು ತೋರಿಸಬೇಕಾಗಬಹುದು. ಹಳೆಯ ಪುಸ್ತಕಗಳಲ್ಲಿ ಲೈಬ್ರರಿಯ ಹೆಸರನ್ನು ‘ಡಿಎಲ್‌ಎಲ್’ ಸಮೇತ ಪೂರ್ತಿಯಾಗಿ ಬರೆದಿರುವುದನ್ನು ಕಾಣುತ್ತೀರಿ, ಪಿಎಚ್‌ಪಿ 7.2ರಿಂದೀಚೆಗೆ ಬರಿಯ ಹೆಸರೇ ಸಾಕು.

ಪ್ರಶ್ನೆ: ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಬಳಸಲು ‘ಶೇರ್ಡ್_ಪ್ರಿಲೋಡ್_ಲೈಬ್ರರೀಸ್’ ಎಂಬ ಸಾಲನ್ನು ಸಂರಚನಾ ಕಡತದ ಕೊನೆಗೆ ಸೇರಿಸಿ ರೀಲೋಡ್ ಮಾಡಿದೆ, ಅಂದರೆ ಸರ್ವರನ್ನು ನಿಲ್ಲಿಸದೆ ಕಡತವನ್ನು ಮತ್ತೆ ಓದಿಸಿದೆ. ಏನೂ ಬದಲಾಗಲಿಲ್ಲ. ಇದೇ ಯಂತ್ರದಲ್ಲಿ ‘ಪಿಜಿ_ಟಿಆರ್‌ಜಿಎಂ’ ಮಾತ್ರ ಯಾವ ಕಡತವನ್ನೂ ಮುಟ್ಟದೆ ಕೆಲಸ ಮಾಡುತ್ತಿದೆ. ಈ ವ್ಯತ್ಯಾಸವೇಕೆ?

ಉತ್ತರ: ಎರಡನೆಯದು ಪದಗಳ ಹೋಲಿಕೆಯನ್ನು ಅಳೆಯುವ ಫಂಕ್ಷನ್‌ಗಳ ಗುಂಪು. ಕ್ವೆರಿಯೊಂದು (ಡೇಟಾಬೇಸಿಗೆ ಕೊಡುವ ಆಜ್ಞೆ) ಅದನ್ನು ಕರೆದಾಗ ಅದರ ಲೈಬ್ರರಿಯನ್ನು ಎತ್ತಿಕೊಂಡರೆ ಸಾಕಾಗುವುದರಿಂದ, ಡೇಟಾಬೇಸಿನೊಳಗೆ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಆಜ್ಞೆ ಕೊಟ್ಟರೆ ಕೆಲಸ ಮುಗಿಯಿತು. ಮೊದಲನೆಯದು ಎಲ್ಲ ಸಂಪರ್ಕಗಳ ಕ್ವೆರಿಗಳ ಲೆಕ್ಕವನ್ನೂ ಒಂದೇ ಕಡೆ ಇಡಬೇಕು. ಅದಕ್ಕೆ ಬೇಕಾದ ಹಂಚಿಕೆಯ ಮೆಮೊರಿಯನ್ನು ಸರ್ವರ್ ಆರಂಭವಾಗುವ ಹೊತ್ತಿನಲ್ಲೇ ಕಾಯ್ದಿರಿಸಬೇಕು. ರೀಲೋಡ್ ಸಾಲದೆ ಪೂರ್ಣ ಮರುಆರಂಭವೇ ಬೇಕಾಗುವುದು ಈ ಕಾರಣಕ್ಕೆ. ಆ ಬಳಿಕ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಆಜ್ಞೆಯನ್ನೂ ಕೊಟ್ಟಾಗಲೇ ಅದರ ನೋಟ (ಕೋಷ್ಟಕದಂತೆ ಓದಬಹುದಾದ ‘ವ್ಯೂ’) ಮತ್ತು ಫಂಕ್ಷನ್‌ಗಳು ನಿಮ್ಮ ಡೇಟಾಬೇಸಿನಲ್ಲಿ ಕಾಣಿಸಿಕೊಳ್ಳುತ್ತವೆ.

ಸಾಲನ್ನು ಕಡತದ ಕೊನೆಗೆ ಸೇರಿಸಿದೆನೆಂದು ನೀವು ಬರೆದಿರುವುದು ನನಗೆ ಕಳವಳವನ್ನುಂಟುಮಾಡಿದೆ. ಪೋಸ್ಟ್‌ಗ್ರೆಸ್‌ನ ಸಂರಚನಾ ಕಡತದಲ್ಲಿ ಒಂದೇ ಹೆಸರಿನ ಎರಡು ಸಾಲುಗಳಿದ್ದರೆ ಕೊನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಲೆ ಎಲ್ಲೋ ಬೇರೊಂದು ಲೈಬ್ರರಿಯನ್ನು ಹೆಸರಿಸಿದ್ದರೆ, ನಿಮ್ಮ ಹೊಸ ಸಾಲು ಮರುಆರಂಭದ ನಂತರ ಅದನ್ನು ಸದ್ದಿಲ್ಲದೆ ಕೈಬಿಡುತ್ತದೆ. ಎಲ್ಲ ಹೆಸರುಗಳನ್ನೂ ಒಂದೇ ಸಾಲಿನಲ್ಲಿ, ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆಯಿರಿ. ಯಾರಾದರೂ ‘ಆಲ್ಟರ್ ಸಿಸ್ಟಮ್’ ಆಜ್ಞೆಯ ಮೂಲಕ ಇದೇ ಮೌಲ್ಯವನ್ನು ಹಿಂದೆ ನಿಗದಿಪಡಿಸಿದ್ದರೆ ಅದು ‘ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್’ ಎಂಬ ಬೇರೆ ಕಡತದಲ್ಲಿದ್ದು, ನೀವು ಕೈಯಾರೆ ತಿದ್ದುವ ಕಡತಕ್ಕಿಂತ ಅದರ ಮಾತೇ ನಡೆಯುತ್ತದೆ. ಯಾವ ಕಡತದ ಯಾವ ಸಾಲು ಅನ್ವಯವಾಗಿದೆ ಎಂಬುದನ್ನು ‘ಪಿಜಿ_ಫೈಲ್_ಸೆಟಿಂಗ್ಸ್’ ಎಂಬ ನೋಟದಲ್ಲಿ ಪರಿಶೀಲಿಸಬಹುದು, 9.5ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಹೆಸರನ್ನು ತಪ್ಪಾಗಿ ಬರೆದರೆ ಅಥವಾ ಲೈಬ್ರರಿ ಅಳವಡಿಕೆಯಾಗದಿದ್ದರೆ ಸರ್ವರ್ ಮರುಆರಂಭವಾಗುವುದೇ ಇಲ್ಲ. ಹಾಗಾಗಿ ಹಳೆಯ ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ಬಳಕೆದಾರರಿಲ್ಲದ ವೇಳೆಯಲ್ಲಿ ಈ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ‘ಮೈಎಸ್‌ಕ್ಯೂಎಲ್_ಕನೆಕ್ಟ್’ ಬಳಸುವ ಹಳೆಯ ಪ್ರೋಗ್ರಾಮೊಂದಿದೆ. ಪಿಎಚ್‌ಪಿ 8ರಲ್ಲಿ ಅದನ್ನು ನಡೆಸಲು ಪಿಎಚ್‌ಪಿ.ಐಎನ್‌ಐ ಕಡತಕ್ಕೆ ಯಾವ ಸಾಲನ್ನು ಸೇರಿಸಬೇಕು?

ಉತ್ತರ: ಅಂಥ ಸಾಲು ಇಲ್ಲ. ಆ ಹಳೆಯ ಎಕ್ಸ್‌ಟೆನ್ಷನನ್ನು 2013ರ ಪಿಎಚ್‌ಪಿ 5.5ರಲ್ಲಿ ಬಳಕೆಗೆ ತಕ್ಕದ್ದಲ್ಲವೆಂದು ಘೋಷಿಸಿ, 2015ರ ಡಿಸೆಂಬರಿನಲ್ಲಿ ಬಂದ 7.0ರಿಂದ ಪೂರ್ತಿಯಾಗಿ ಕೈಬಿಡಲಾಯಿತು. ಮೈಎಸ್‌ಕ್ಯೂಎಲ್‌ಐ ಅಥವಾ (ಹಲವು ಬಗೆಯ ಡೇಟಾಬೇಸ್‌ಗಳಿಗೆ ಒಂದೇ ರೀತಿ ಬಳಸಬಹುದಾದ) ಪಿಡಿಒ ಎಕ್ಸ್‌ಟೆನ್ಷನನ್ನು ಸಕ್ರಿಯಗೊಳಿಸಿ ಪ್ರೋಗ್ರಾಮನ್ನೇ ತಿದ್ದಬೇಕು. ಹೆಸರಿಗೆ ಒಂದು ‘ಐ’ ಅಕ್ಷರವನ್ನು ಎಲ್ಲೆಡೆ ಸೇರಿಸಿದರೆ ಸಾಕೆಂದು ಭಾವಿಸಬೇಡಿ: ಹಳೆಯ ಕ್ವೆರಿ ಫಂಕ್ಷನ್ನಿಗೆ ಮೊದಲು ಕ್ವೆರಿಯನ್ನು ಕೊಡುತ್ತಿದ್ದೆವು, ಹೊಸದಕ್ಕೆ ಮೊದಲು ಸಂಪರ್ಕವನ್ನು, ಬಳಿಕ ಕ್ವೆರಿಯನ್ನು ಕೊಡಬೇಕು. ಹೇಗೂ ಪ್ರತಿ ಸಾಲನ್ನೂ ಮುಟ್ಟುತ್ತೀರಾದ್ದರಿಂದ, ಬಳಕೆದಾರರು ತುಂಬಿದ ಮಾಹಿತಿಯನ್ನು ಕ್ವೆರಿಯ ಪಠ್ಯಕ್ಕೆ ನೇರವಾಗಿ ಜೋಡಿಸಿರುವ ಕಡೆಗಳಲ್ಲೆಲ್ಲ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳನ್ನು (ಕ್ವೆರಿಯ ಪಠ್ಯವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕೊಡುವ ವಿಧಾನ) ಇದೇ ಸಂದರ್ಭದಲ್ಲಿ ಅಳವಡಿಸಿಕೊಳ್ಳಿ.